ಹತ್ತರ ಗೆರೆಯ ಆಚೆ

ಅಕ್ಕಾ,

ನಾಳೆ ಬೆಳಿಗ್ಗೆ ಆರೈಕೆ ಮನೆಯ ಗಾಡಿ ಬರುತ್ತದೆ. ನಿನ್ನ ಬಟ್ಟೆ, ಕನ್ನಡಕ, ಬೆರಳುದ್ದ ಉಳಿದಿರುವ ಆ ಬಣ್ಣದ ಪೆನ್ಸಿಲ್‌ಗಳನ್ನೂ ಚೀಲಕ್ಕೆ ತುಂಬಿಟ್ಟಿದ್ದೇನೆ. ಪಾರ್ಶ್ವವಾಯು ನಿನ್ನ ಮಾತು ಕಸಿದುಕೊಂಡಿತು ಸರಿ, ನನ್ನ ಬಾಯಿಗೆ ಏನಾಯಿತೋ ಕಾಣೆ. ಅದಕ್ಕೇ ಬರೆಯುತ್ತಿದ್ದೇನೆ.

ಶಾಲೆಯಲ್ಲಿ ಕಂಡವರ ಮಕ್ಕಳಿಗೆಲ್ಲ ಗಣಿತ ಕಲಿಸಿದ ನಿನಗೆ ಮನೆಯಲ್ಲಿ ಸಿಕ್ಕವಳು ನಾನು, ಶತದಡ್ಡಿ. "ಗೆರೆ ಎಳೆಯೋದು ಯಾರ ಕೈಲಾದ್ರೂ ಆಗುತ್ತೆ ಕಣೇ, ಯಾವ ಕಡೆ ಬಣ್ಣ ಹಚ್ತೀಯ ಅನ್ನೋದೇ ಲೆಕ್ಕ. ಸೊನ್ನೆ ಹಾಕಿ ನೋಡು, ಷರತ್ತಿಗೆ ಹೊಂದಿದ್ರೆ ಸೊನ್ನೆ ಇರೋ ಕಡೆ, ಇಲ್ದಿದ್ರೆ ಆಚೆ ಕಡೆ" ಎಂದು ನೀನು ನನ್ನ ತಲೆಗೊಂದು ಮೊಟಕುತ್ತಿದ್ದೆ. ಎಲ್ಲ ಷರತ್ತುಗಳ ಬಣ್ಣವೂ ಒಂದರ ಮೇಲೊಂದು ಬೀಳುವ ಜಾಗದಲ್ಲೇ ಉತ್ತರವಿರುತ್ತದೆ, ಅದರ ಮೂಲೆಗಳಲ್ಲಿ ಹುಡುಕು ಎನ್ನುತ್ತಿದ್ದೆ.

ಹೋದ ವಾರ ಚೌಕಳಿ ಹಾಳೆ ಹಿಡಿದು ನಾನು ಅದನ್ನೇ ಮಾಡಿದೆ. ಅಡ್ಡಗೆರೆಯಲ್ಲಿ ದಿನಕ್ಕೆ ನಾನು ನಿನ್ನ ಪಕ್ಕ ಇರುವ ಗಂಟೆಗಳು, ನಿಂತ ಗೆರೆಯಲ್ಲಿ ನಾನು ದುಡಿಯುವ ಹೊಲಿಗೆ ಅಂಗಡಿಯ ಗಂಟೆಗಳು. ನಿದ್ದೆ, ಅಡುಗೆ, ಓಡಾಟ ಎಲ್ಲವನ್ನೂ ಹಿಂಡಿದರೂ ಎರಡೂ ಸೇರಿ ಹದಿನಾರು ಮೀರುವಂತಿಲ್ಲ. ಅಂಗಡಿಯಾತ "ಎಂಟಕ್ಕಿಂತ ಕಮ್ಮಿಯಾದ್ರೆ ಬರಲೇಬೇಡಮ್ಮ" ಅಂದಿದ್ದ. ನರ್ಸ್ "ಕಮ್ಮಿ ಅಂದ್ರೂ ಹತ್ತು ಗಂಟೆ ಪಕ್ಕದಲ್ಲಿ ಒಬ್ರು ಇರ್ಲೇಬೇಕು" ಅಂದಿದ್ದಳು. ಬಣ್ಣ ಹಚ್ಚಿದೆ. ಚೆಂದದ ತ್ರಿಕೋನ ಸಿಕ್ಕಿತು! ಅದರ ಬಲಮೂಲೆಯಲ್ಲಿ ನಿನಗೆ ಎಂಟು, ಅಂಗಡಿಗೆ ಎಂಟು. ನೀನು ಮನೆಯಲ್ಲೇ ಉಳಿಯಬಹುದು. ಆಸೆ ಕಣ್ಣು ಕಟ್ಟಿತ್ತು, ಕುಣಿಯುತ್ತಾ ತಂದು ನಿನಗೆ ತೋರಿಸಿದೆ.

ನೀನು ತುಂಬ ಹೊತ್ತು ನೋಡಿದೆ. ಆಮೇಲೆ ಇನ್ನೂ ಆಡುವ ಆ ಎಡಗೈಯ ಬೆರಳನ್ನು ಹತ್ತರ ಗೆರೆಯ ಮೇಲಿಟ್ಟು, ಮೆಲ್ಲಗೆ ಬಲಕ್ಕೆ ಸರಿಸಿದೆ. ಕನಿಷ್ಠ ಹತ್ತು ಎಂಬುದನ್ನು ನಾನು ಗರಿಷ್ಠ ಹತ್ತು ಎಂದು ಬರೆದು, ಸೊನ್ನೆಯ ಕಡೆಗೇ ಬಣ್ಣ ಬಳಿದಿದ್ದೆ. ತಿದ್ದಿದೆ. ಹತ್ತರ ಆಚೆ, ಎಂಟರ ಮೇಲೆ, ಹದಿನಾರರ ಒಳಗೆ. ಮೂರೂ ಬಣ್ಣ ಸೇರುವ ಚೂರು ಜಾಗವೂ ಹಾಳೆಯಲ್ಲಿ ಇರಲಿಲ್ಲ.

ನೋಡಿಯೂ ನೀನು ಸುಮ್ಮನಿರಬಹುದಿತ್ತು ಅಕ್ಕಾ. ಆ ತಪ್ಪಿನೊಳಗೇ ನಾವಿಬ್ಬರೂ ಇನ್ನಷ್ಟು ದಿನ ಇರುತ್ತಿದ್ದೆವು. ತಪ್ಪು ಲೆಕ್ಕ ಕಂಡರೆ ನಿನಗೆ ತಡೆಯುವುದಿಲ್ಲ, ಗೊತ್ತು. ಆದರೆ ನಾನು ತಿದ್ದಿ ಮುಗಿಸಿದ ಮೇಲೆ, ಹಾಳೆಯ ಅಂಚಿನಲ್ಲಿ ಬೆರಳಿನಿಂದಲೇ ಒಂದು ಸರಿ ಗುರುತು ಎಳೆದೆಯಲ್ಲ? ಹುಟ್ಟಿದಾಗಿನಿಂದ ನನ್ನ ಲೆಕ್ಕಕ್ಕೆ ನೀನು ಕೊಟ್ಟ ಮೊದಲನೇ ಸರಿ ಅದು. ಅದನ್ನು ಇಟ್ಟುಕೊಂಡು ನಾನೇನು ಮಾಡಲಿ?

ಅಲ್ಲಿ ನಿನ್ನನ್ನು ಎತ್ತಿ ಕೂರಿಸುವ ಕೈಗಳು ಮೆತ್ತಗಿರಲಿ.

ನಿನ್ನ ದಡ್ಡಿ