ಅರ್ಧ ಲೋಟ ಚಹಾದವರೆಗೆ

ಅಪ್ಪಾ,

ಎರಡೂ ವಿಶ್ವವಿದ್ಯಾಲಯ ನೋಡ್ಕೊಂಡು ಬಂದೆ. ಹೊಸದರಲ್ಲಿ ಗುರುತು ಪರಿಚಯ ಇಲ್ಲದ ಹುಡುಗೀರು ನನ್ನನ್ನ ಎಳ್ಕೊಂಡು ಹೋಗಿ ಊಟಕ್ಕೆ ಕೂರಿಸಿದ್ರು. ನಾಟಕ, ಹಾಡು, ಚಾರಣ, ಎಲ್ಲಕ್ಕೂ ಒಂದೊಂದು ಸಂಘ. ಗ್ರಂಥಾಲಯದಲ್ಲಿ ಮಾತ್ರ ಒಂದು ನರಪಿಳ್ಳೆಯೂ ಇರಲಿಲ್ಲ. ನೀನೂ ಅಮ್ಮನೂ ಓದಿದ ಹಳೇದರಲ್ಲಿ ಪಾಠ ಕೇಳ್ತಾ ಮೈಮರೆತೆ. ಆದ್ರೆ ಪಕ್ಕದಲ್ಲಿ ಕೂತವಳು ಇಡೀ ದಿನ ತುಟಿ ಬಿಚ್ಚಲಿಲ್ಲ.

ಅಲ್ಲಿನ ಕ್ಯಾಂಟೀನಿನ ಕಿಟಕಿ ಪಕ್ಕದ ಆ ಉದ್ದ ಮೇಜು ಹಾಗೇ ಇದೆ. ನೀವಿಬ್ರೂ ಮೊದಲು ಜಗಳ ಆಡಿದ್ದು ಅಲ್ಲೇ ಅಲ್ವಾ? ಅರ್ಧ ಲೋಟ ಚಹಾ ಮುಗಿಯೋವರೆಗೆ ನಿಮ್ಮ ನಿಮ್ಮ ಪಕ್ಷ, ಆಮೇಲೆ ಎದುರಿನವರ ಪಕ್ಷ ಹಿಡಿದು ವಾದಿಸಬೇಕು ಅನ್ನೋ ಆ ಮೇಜಿನ ನಿಯಮವನ್ನ ಮನೆಗೂ ತಂದ್ರಿ. ಕಿಟಕಿ ಪರದೆಯ ಬಣ್ಣಕ್ಕೂ ವಾದ! ಕೊನೆಗೆ ಅಮ್ಮ ನೀನು ಹೇಳಿದ ಬಣ್ಣವೇ ಬೇಕು ಅಂತಿದ್ಲು, ನೀನು ಅವಳದ್ದೇ ಆಗಬೇಕು ಅಂತ ಪಟ್ಟು ಹಿಡೀತಿದ್ದೆ. ಈಗ ಅಲ್ಲಿ ಕೂರೋರಿಗೆ ಆ ನಿಯಮ ಗೊತ್ತೇ ಇಲ್ಲ.

ಅಮ್ಮ ಹೋದ ಮೇಲೆ ನೀನು ಎಲ್ಲದಕ್ಕೂ "ನಿನ್ನಿಷ್ಟ ಕಣಮ್ಮಾ" ಅಂತೀಯ. ಯಾವುದಕ್ಕೆ ಸೇರಲಿ ಅಂತ ಕೇಳಿದ್ರೂ ನೀನು ಹಾಗೇ ಅಂದೆ. ಹಾಗಂದ್ರೆ ನಾನು ಹೇಗೆ ತೀರ್ಮಾನ ಮಾಡ್ಲಿ?

ಅದಕ್ಕೇ, ನಾನು ಹೊಸದಕ್ಕೇ ಸೇರ್ತೀನಿ ಅಂತ ಹಟ ಹಿಡಿದಿದೀನಿ ಅಂದ್ಕೋ. ಭಾನುವಾರ ಮನೆಗೆ ಬರ್ತೀನಿ. ಹಾಲು ತಂದಿಡು. ಅಟ್ಟದ ಮೇಲಿಟ್ಟಿರೋ ಅಮ್ಮನ ಲೋಟ ಇಳಿಸಿ ತೊಳೆದಿಡು. ನಾನು ಬಾಯಿ ತೆಗೆದ ತಕ್ಷಣ "ಸುತರಾಂ ಬೇಡ" ಅನ್ನು.

ಅರ್ಧ ಲೋಟ ಮುಗಿಯೋವರೆಗಾದ್ರೂ ಅನ್ನು, ಅಪ್ಪಾ.

ಸದ್ಯಕ್ಕೆ ನಿನ್ನ ಎದುರು ಪಕ್ಷದವಳಾದ,
ನಿನ್ನ ಮಗಳು