ಹೇಳಿದವರು: ಗಂಡ

ಇವಳೇ,

ಇವತ್ತು ಆಸ್ಪತ್ರೆಯವರು ಕರೆದಿದ್ದರು. ಹೃದ್ರೋಗದಿಂದ ತೀರಿಕೊಂಡ ಹೆಂಗಸರ ಹಳೆಯ ಫೈಲುಗಳನ್ನೆಲ್ಲ ಕೂಡಿಸಿ, ಮೊದಲು ಯಾವ ಲಕ್ಷಣ ಕಾಣಿಸಿತ್ತು ಎಂದು ಹುಡುಕುತ್ತಿದ್ದಾರಂತೆ. ನಿನ್ನ ಫೈಲಿಗೆ ನನ್ನ ಒಪ್ಪಿಗೆ ಬೇಕಿತ್ತು. ಸಂಶೋಧನೆಯ ಹುಡುಗಿ 'ರೆಟ್ರೋಸ್ಪೆಕ್ಟಿವ್ ಸ್ಟಡಿ' ಎಂದಳು. ಕಾಲೇಜಿನಲ್ಲಿ ಓದಿದ ಪದ, ಅರ್ಥ ಮರೆತಿದೆ. ಆದರೂ ಗಂಭೀರವಾಗಿ ತಲೆಯಾಡಿಸಿದೆ. ನೀನಿದ್ದಿದ್ದರೆ ಪಕ್ಕದಲ್ಲಿ ಕೂತು ನಗು ತಡೆದುಕೊಳ್ಳುತ್ತಿದ್ದೆ.

ಹುಡುಗಿ ನಿನ್ನ ಫೈಲು ತೆರೆದಳು. ಬಿ.ಪಿ. ತೋರಿಸಲು ಒಂಬತ್ತು ಸಲ ಹೋಗಿದ್ದೆವು ನಾವು. ಒಂಬತ್ತು ಹಾಳೆಯಲ್ಲೂ ಒಂದೇ: ಎದೆನೋವು ಇಲ್ಲ, ಏದುಸಿರು ಇಲ್ಲ, ಸುಸ್ತು ಇಲ್ಲ. ಕೆಳಗೆ ಡಾಕ್ಟರು ಇಂಗ್ಲಿಷಿನಲ್ಲಿ ಬರೆದಿದ್ದರು, 'ಹೇಳಿದವರು: ಗಂಡ' ಎಂದು. ಅಷ್ಟು ಇಂಗ್ಲಿಷು ನನಗೆ ಅರ್ಥವಾಗುತ್ತದೆ.

"ಅಂಕಲ್, ಆಂಟಿ ಮಾತಾಡ್ತಿರಲಿಲ್ವಾ?"

"ಅವಳಿಗೆ ಇಂಗ್ಲಿಷ್ ಬರ್ತಿರಲಿಲ್ಲಮ್ಮ. ನಾನೇ ಹೇಳ್ತಿದ್ದೆ."

"ಡಾಕ್ಟರಿಗೆ ನಮ್ಮ ಭಾಷೆ ಬರತ್ತಲ್ಲ?"

ಬರುತ್ತಿತ್ತು. ನೀನು ಬಾಯಿ ತೆರೆಯುವಷ್ಟರಲ್ಲಿ ನಾನು 'ನೋ ಕಂಪ್ಲೇಂಟ್ಸ್, ಡಾಕ್ಟರ್' ಎಂದಿರುತ್ತಿದ್ದೆ.

ಪಾಪ, ಹುಡುಗಿ ಮೆಲ್ಲಗೆ ಫೈಲು ಮುಚ್ಚಿದಳು. "ಬೇಜಾರು ಮಾಡ್ಕೋಬೇಡಿ ಅಂಕಲ್. ರೋಗಿ ತಾವೇ ಹೇಳಿರೋದನ್ನ ಮಾತ್ರ ಸೇರಿಸ್ತೀವಿ. ನೀವು ಕಣ್ಣಾರೆ ಕಂಡಿದ್ದು ಇದ್ರೆ ಹೇಳಿ, ಬೇರೆ ಬರ್ಕೋತೀನಿ. ಏದುಸಿರು ಏನಾದ್ರೂ ಇತ್ತಾ? ಯಾವಾಗ ಶುರುವಾಯ್ತು?"

ನಮ್ಮ ಮನೆಯ ಮೆಟ್ಟಿಲು ಕಣ್ಣಮುಂದೆ ಬಂತು. ಎರಡನೇ ತಿರುವಿನಲ್ಲಿ ಗೋಡೆ ಹಿಡಿದು ನಿಂತು, "ನೀವು ನಡೀರಿ, ಬರ್ತೀನಿ" ಎನ್ನುತ್ತಿದ್ದೆ ನೀನು. ಯಾವ ವರ್ಷದಿಂದ ಹಾಗೆ ಎನ್ನತೊಡಗಿದೆ?

"ಗೊತ್ತಿಲ್ಲಮ್ಮ," ಎಂದೆ. ನಾನು ಮೇಲೆ ಹೋಗಿ ಬಾಗಿಲು ತೆಗೆಯುತ್ತಿದ್ದೆ. ತಿರುಗಿ ನೋಡುತ್ತಿರಲಿಲ್ಲ.