ಮಿಸ್ಟರ್ ಆಲ್ಸೀಡ್ ಸತ್ತಿಲ್ಲ

ಹೂಮಾ, ಲೂಯಿಸಿಯಾನಾ
ಜೂನ್ ೮, ಸೋಮವಾರ

ಪ್ರೀತಿಯ ಅಮ್ಮಾ,

ನಾನು ಚೆನ್ನಾಗಿದ್ದೇನೆ, ಬೆಕ್ಕೂ ಚೆನ್ನಾಗಿದೆ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಅಡುಗೆ ಮಾಡುವ ಸಮುದ್ರದ ತೈಲ ರಿಗ್ಗಿನಲ್ಲಿ ನಿನ್ನ ಹಿಂದೆ ಹತ್ತು ಜನ ಊಟಕ್ಕೆ ನಿಂತಿರುತ್ತಾರೆ, ನೀನು ಅರ್ಧಕ್ಕೇ ಬೈಯಲು ಶುರು ಮಾಡುತ್ತೀ, ನಾನು ಉಳಿದರ್ಧ ನುಂಗುತ್ತೇನೆ. ಅದಕ್ಕೇ ಈ ಕಾಗದ. ನಾಳೆಯ ಹೆಲಿಕಾಪ್ಟರಿನಲ್ಲಿ ನಿನ್ನ ರಿಗ್ಗಿಗೆ ಕೆಲಸಕ್ಕೆ ಬರುವ ಲಿರಾಯ್ ಕೈಗೆ ಕೊಡುತ್ತೇನೆ. ಮೂರು ದಿನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಈ ಒಂದು ಪುಟ ಬರೆಯುವಷ್ಟರಲ್ಲಿ ನಾಲ್ಕು ಸಲ ಎದ್ದು ಫ್ರಿಜ್ ತೆರೆದು ಮುಚ್ಚಿದ್ದೇನೆ.

ಮಿಸ್ಟರ್ ಆಲ್ಸೀಡ್ ಸತ್ತಿಲ್ಲ ಅಮ್ಮಾ.

ಹೌದು, ನೀನು ಯಾರಿಗಾಗಿ ಕಣ್ಣೀರು ಹಾಕಿದ್ದೆಯೋ ಅದೇ ಆಲ್ಸೀಡ್ ನಕಾನ್. ಸೀಗಡಿ ದೋಣಿಯ ಮುದುಕ. ನಿನ್ನೆ ಮಧ್ಯಾಹ್ನವೂ ಕರಿದ ಸೀಗಡಿ ತಿಂದಿದ್ದಾರೆ.

ಕಳೆದ ವರ್ಷ ಏಳು ಮೆಡಿಕಲ್ ಕಾಲೇಜುಗಳು ನನ್ನನ್ನು ಬೇಡವೆಂದಾಗ ಕಾಲೇಜಿನ ಸಲಹೆಗಾರ್ತಿ ಹೇಳಿದ್ದು ನಿನಗೆ ನೆನಪಿದೆ: ಅಂಕ ಸಾಕು, ಆದರೆ ರೋಗಿಯ ಪಕ್ಕದಲ್ಲಿ ಕೂತ ಅನುಭವವಿಲ್ಲ, ಒಂದು ವರ್ಷ ತಡೆದು ಅರ್ಜಿ ಗಟ್ಟಿ ಮಾಡಿಕೋ ಎಂದು. ಹಾಗಾಗಿ ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಹೇಳಿದ್ದನ್ನು ಟೈಪ್ ಮಾಡುವ ಕೆಲಸ, ಮಂಗಳವಾರ ಮತ್ತು ಶುಕ್ರವಾರ ಸಾಯುವವರ ಮನೆಗೆ ಹೋಗಿ ಕೂರುವ ಸೇವೆ. ಪ್ರತಿ ಗಂಟೆಯನ್ನೂ ಬರೆದಿಟ್ಟುಕೊಂಡೆ. ಮಾರ್ಚಿನಲ್ಲಿ ಮಿಸ್ಟರ್ ಆಲ್ಸೀಡ್ ಹೃದಯ ಕೈಕೊಟ್ಟಿತು, ಸಾಯುವವರಿಗೆ ಚರ್ಚಿನವರು ಕೊನೆಯ ಎಣ್ಣೆ ಹಚ್ಚುವುದೂ ಆಯಿತು. ಎರಡು ದಿನ ಎಂದರು ನರ್ಸ್. ಆ ವಾರವೇ ನಾನು ಅರ್ಜಿಯ ಪ್ರಬಂಧ ಬರೆದೆ. ಅದರಲ್ಲಿ ಅವರು ನನ್ನ ಕೈ ಹಿಡಿದು, ನೀನು ಒಳ್ಳೆಯ ಡಾಕ್ಟರ್ ಆಗುತ್ತೀ ಎಂದು ಹೇಳಿ ಕಣ್ಣು ಮುಚ್ಚಿದರು. ಮೂರನೆಯ ದಿನ ನಿಜವಾದ ಮಿಸ್ಟರ್ ಆಲ್ಸೀಡ್ ಎದ್ದು ಕೂತು ಗಂಬೋ ಸಾರು ಕೇಳಿದರು.

ಪ್ರಬಂಧದಲ್ಲಿ ಮಾತ್ರ ಅವರನ್ನು ಏಳಿಸಲು ನನಗೆ ಮನಸ್ಸಾಗಲಿಲ್ಲ. ಅಷ್ಟು ಚೆನ್ನಾಗಿ ಬಂದಿತ್ತು.

ನೀನು ಓದಿ ಅತ್ತಾಗ ಹೇಳಬೇಕಿತ್ತು. ನಿನ್ನ ಕಣ್ಣೀರು ನೋಡಿ ಸೀಟು ಸಿಕ್ಕಷ್ಟು ಖುಷಿಯಾಯಿತು ನನಗೆ. ನೀನು ಹೆಸರು ಕೇಳಿದೆ, ಹೊರಗೆ ಹೇಳಬಾರದ ಹೆಸರನ್ನು ನಾನು ಹೇಳಿಬಿಟ್ಟೆ. ನೀನು ನೇರ ಚರ್ಚಿಗೆ ಹೋಗಿ ಅವರ ಆತ್ಮಶಾಂತಿಗೆ ಮಾಡಿಸುವ ಬಲಿಪೂಜೆಗೆ ಹೆಸರು ಬರೆಸಿ ಬಂದೆ. ಜೂನ್ ಮೂರಕ್ಕೆ ದಿನ ಸಿಕ್ಕಿತು ಎಂದೆ. ಇನ್ನೂ ಎರಡು ತಿಂಗಳಿದೆ, ಅಷ್ಟರಲ್ಲಿ... ಎಂದು ನಾನು ಅಂದುಕೊಂಡೆ. ಮುಂದಿನದನ್ನು ಬರೆಯಲಾರೆ, ನಿನಗೆ ಅರ್ಥವಾಗುತ್ತದೆ.

ಚರ್ಚಿನ ವಾರದ ಹಾಳೆಯಲ್ಲಿ ಪೂಜೆಯ ಪಟ್ಟಿ ಅಚ್ಚಾಗುತ್ತದಲ್ಲ, ನಾವಿಬ್ಬರೂ ಅದನ್ನು ಮರೆತಿದ್ದೆವು. ಫಾದರ್ ಹೊಸಬರು, ಅವರಿಗೇನು ಗೊತ್ತು. ಪ್ರತಿ ಭಾನುವಾರ ಮಿಸ್ಟರ್ ಆಲ್ಸೀಡ್ ಮನೆಗೆ ಪರಮಪ್ರಸಾದ ತರುವ ಹೆಂಗಸು ಆ ಹಾಳೆಯನ್ನೂ ತಂದುಕೊಡುತ್ತಾಳೆ. ಮಂಗಳವಾರ ನಾನು ಹೋದಾಗ ಅವರು ಭೂತಗನ್ನಡಿ ಹಿಡಿದು ಕೂತಿದ್ದರು.

"ಬಾರಮ್ಮ, ಬಾ. ನಾನು ಸತ್ತೋಗಿದೀನಂತೆ. ಮನೇಲಿ ಒಬ್ರಾದ್ರೂ ನಂಗೆ ಹೇಳೋದು ಬೇಡ್ವಾ?" ಎಂದರು. ಆಮೇಲೆ ಬೆರಳಿಟ್ಟು, "ಪೂಜೆ ಮಾಡಿಸ್ತಿರೋದು ಮರ್ಸೆಲ್ ದುಗಾ ಅಂತ. ನಿಮ್ಮೋರಾ?" ಎಂದು ಕೇಳಿದರು.

ನಮ್ಮಮ್ಮ ಎಂದೆ. ಪ್ರಬಂಧದಲ್ಲಿ ಅವರನ್ನು ಸಾಯಿಸಿದ್ದನ್ನು ಹೇಳಿದೆ. ಪ್ರಬಂಧ ಓದು ಎಂದರು. ಫೋನಿನಲ್ಲಿದ್ದದ್ದನ್ನು ಓದಿದೆ. ಅವರ ಮೂಗಿನ ಆಮ್ಲಜನಕದ ನಳಿಕೆ ಸುಯ್ಯೆನ್ನುತ್ತಿತ್ತು, ಅವರು ಕಣ್ಣು ಮುಚ್ಚಿ ಕೇಳಿದರು.

"ಚೆನ್ನಾಗೇ ಸತ್ತಿದೀನಿ. ಆದ್ರೆ ನೀನು ಒಳ್ಳೆ ಡಾಕ್ಟ್ರಾಗ್ತೀಯ ಅಂತ ನಾನ್ಯಾವಾಗ ಅಂದೆ? ನಿಂಗೆ ಕಾಫಿ ಮಾಡಕ್ಕೇ ಬರಲ್ಲ."

ನಾನು ನಕ್ಕೆ. ಅವರು ನಗಲಿಲ್ಲ.

"ಒಂದು ಮಾತು ಕೇಳ್ತೀನಿ, ನಿಜ ಹೇಳು. ಬಂದ ತಕ್ಷಣ ನನ್ನ ಕಾಲಿನ ಊತ ನೋಡ್ತಿದ್ದೆ. ನರ್ಸೂ ನೋಡ್ತಾಳೆ, ಆದ್ರೆ ಊತ ಇಳಿದಿದ್ರೆ ಅವಳ ಮುಖ ಅರಳುತ್ತೆ. ನಿನ್ನ ಮುಖ ಬಾಡೋದು. ನಾನು ಉಂಡ್ರೆ ನಿಂಗೆ ಬೇಜಾರಾಗ್ತಿತ್ತಾ?"

ಆಗುತ್ತಿತ್ತು ಎಂದೆ ಅಮ್ಮಾ. ಇಷ್ಟು ದಿನದಲ್ಲಿ ಆ ಮನೆಯಲ್ಲಿ ನಾನು ಹೇಳಿದ ಒಂದೇ ನಿಜ ಅದು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅವರು ಟಿವಿ ಕಡೆ ತಿರುಗಿದರು. ಆಮೇಲೆ ಬೇಸ್‌ಬಾಲ್ ಹಾಕು ಎಂದರು. ಹೊರಡುವಾಗ, "ಕಳ್ಸಿಬಿಡು ಅದನ್ನ. ಇನ್ನೆರಡು ತಿಂಗಳು ಟೈಮ್ ಕೊಡು, ನಿಜ ಮಾಡ್ಕೊಡ್ತೀನಿ," ಎಂದರು. ತಮಾಷೆಯೋ ಅಲ್ಲವೋ ನನಗೆ ಈಗಲೂ ಗೊತ್ತಿಲ್ಲ.

ಬುಧವಾರ ಸೇವೆಯ ಉಸ್ತುವಾರಿ ಮಿಸ್ ವರ್ನಾ ಕರೆಸಿದರು. ಹಾಳೆ ಅವರ ಮೇಜಿನ ಮೇಲೂ ಇತ್ತು. ರೋಗಿಯ ಹೆಸರು ಹೊರಗೆ ಹೇಳಿದ್ದಕ್ಕೆ ಬ್ಯಾಡ್ಜ್ ವಾಪಸು ತೆಗೆದುಕೊಂಡರು, ಬರೆದುಕೊಡುತ್ತೇನೆಂದಿದ್ದ ಶಿಫಾರಸು ಪತ್ರವೂ ಇಲ್ಲವೆಂದರು. ಬೈಯಲಿಲ್ಲ, ಅದೇ ಹೆಚ್ಚು ನೋಯಿಸಿತು. ಶುಕ್ರವಾರ ನಾನು ಬ್ಯಾಡ್ಜ್ ಇಲ್ಲದೆಯೇ ಮಿಸ್ಟರ್ ಆಲ್ಸೀಡ್ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಕ್ಷಮಿಸಿ ಎಂದೆ. "ಈ ಗಂಟೆಗಳು ಲೆಕ್ಕಕ್ಕೆ ಬರಲ್ಲ ಅಲ್ವಾ?" ಎಂದು ಕೇಳಿದರು. ಬರುವುದಿಲ್ಲ ಎಂದೆ. "ಹಂಗಾದ್ರೆ ಕೂತ್ಕೋ," ಎಂದರು. ನಿನ್ನೆಯೂ ಹೋಗಿದ್ದೆ. ಆ ಪೂಜೆಯ ವಿಷಯಕ್ಕೆ ನೀನು ಚರ್ಚಿನವರ ಜೊತೆ ಜಗಳಕ್ಕೆ ಹೋಗಬಾರದಂತೆ. ಮುಂಗಡವಾಗಿ ಆದದ್ದು ಒಳ್ಳೆಯದೇ, ತನಗೆ ಒಂದು ಸಾಲುವುದಿಲ್ಲ ಎಂದು ಹೇಳಿಕಳಿಸಿದ್ದಾರೆ.

ಪ್ರಬಂಧದ ಚಿಂತೆ ಮಾಡಬೇಡ. ಇನ್ನೂ ಕಳಿಸಿಲ್ಲ, ಬೇರೆಯದು ಬರೆಯುತ್ತೇನೆ.

ಸಮಯಕ್ಕೆ ಉಣ್ಣು. ನಿನ್ನ ಮೇಲೆ ಆಣೆ, ನಾನು ಉಣ್ಣುತ್ತಿದ್ದೇನೆ.

ನಿನ್ನ ಮಗಳು,
ನೊಯೆಲಿ

ಮ.ವಿ.: ಪ್ರಬಂಧ ಕಳಿಸಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಮೇ ಕೊನೆಯಲ್ಲಿ, ಅರ್ಜಿ ತೆಗೆದುಕೊಳ್ಳಲು ಶುರುವಾದ ಮೊದಲ ಬೆಳಿಗ್ಗೆಯೇ ಕಳಿಸಿಬಿಟ್ಟೆ, ಬೇಗ ಕಳಿಸಿದವರಿಗೆ ಬೇಗ ಕರೆ ಬರುತ್ತದೆ ಎಂದು. ಮಿಸ್ಟರ್ ಆಲ್ಸೀಡರಿಗೂ ಇದನ್ನು ಹೇಳಿಲ್ಲ. ಒಮ್ಮೆ ಹೋದರೆ ಒಂದಕ್ಷರವೂ ತಿದ್ದಲಾಗುವುದಿಲ್ಲ. ಅರ್ಜಿಯನ್ನೇ ಹಿಂತೆಗೆದುಕೊಳ್ಳಬಹುದು, ಆಗ ಈ ವರ್ಷವೂ ಹೋಯಿತು. ಹಿಂತೆಗೆಯುವ ಗುಂಡಿ ಪರದೆಯ ಮೇಲೆ ನನ್ನ ಮುಂದೆಯೇ ಇದೆ, ಆರು ದಿನದಿಂದ ಒತ್ತಿಲ್ಲ. ಲಿರಾಯ್ ಒಮ್ಮೆ ಈ ಕಾಗದ ಹಿಡಿದು ಹಾರಿದರೆ ನಾನು ವಾಪಸು ಕೇಳುವಂತಿಲ್ಲ, ಅದಕ್ಕೇ ಅವನಿಗೆ ಕೊಡುತ್ತಿದ್ದೇನೆ. ಓದಿದ ತಕ್ಷಣ ಫೋನ್ ಮಾಡು ಅಮ್ಮಾ. ಹಿಂದೆ ಎಷ್ಟೇ ಜನ ನಿಂತಿರಲಿ, ಆ ಗುಂಡಿ ಒತ್ತಿದೆಯಾ ಎಂದು ಕೇಳು.